ಒತ್ತಿದ್ದು ಒಂದು ಲಾಟು, ತೆರೆದದ್ದು ಇನ್ನೊಂದು: ಶಿರಸಿಯ ಅಡಿಕೆ ಮಂಡಿಯಲ್ಲಿ ಒಂದು ಮೌಸ್ ಪ್ರಕರಣ

ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಗೋದಾಮಿನ ನಕ್ಷೆ ತೋರಿಸುವ ತಂತ್ರಾಂಶ ಇದೆ. ವಿಂಡೋಸ್ ಮೇಲೆ ಓಡುತ್ತದೆ, ಸಿ ಶಾರ್ಪ್ ಭಾಷೆ ಮತ್ತು ಕಿಟಕಿ, ಬಟನ್ ಕಟ್ಟಲು ಸಿಗುವ ಸಲಕರಣೆಯಾದ ವಿನ್‌ಫಾರ್ಮ್ಸ್‌ನಲ್ಲಿ ಬರೆದದ್ದು. ರೈತರು ತಂದ ಅಡಿಕೆ ಲಾಟು (ಒಟ್ಟಿಗೆ ತೂಗಿ ಮಾರುವ ಒಂದು ಗುಂಪು ಮಾಲು) ಯಾವ ಸಾಲಿನಲ್ಲಿ, ಎಷ್ಟನೇ ಜಾಗದಲ್ಲಿ ಇದೆ ಎಂದು ಪರದೆಯ ಮೇಲೆ ಚೌಕಗಳಾಗಿ ಕಾಣುತ್ತದೆ. ಅಡಿಕೆಯ ಬಗೆಗಳಲ್ಲಿ ಚಾಲಿಗೆ ಒಂದು ಬಣ್ಣ, ರಾಶಿಗೆ ಒಂದು, ಬೆಟ್ಟೆಗೆ ಒಂದು, ಕೆಂಪುಗೋಟಿಗೆ ಇನ್ನೊಂದು. ಚೌಕದ ಮೇಲೆ ಒತ್ತಿದರೆ ತೂಕ ಬರೆಯುವ ಕಿಟಕಿ ತೆರೆಯುತ್ತದೆ. ಹಮಾಲರು ಲಾಟನ್ನು ಬೇರೆ ಕಡೆ ಇಟ್ಟರೆ ಗುಮಾಸ್ತರು ಪರದೆಯಲ್ಲೂ ಆ ಚೌಕವನ್ನು ಎಳೆದು ಅಲ್ಲಿಗೇ ಇಡುತ್ತಾರೆ. ಚೌಕದ ಮೂಲೆಯಲ್ಲಿ ತೂಕ ಮುಗಿದಿದ್ದಕ್ಕೆ ಗುರುತು ಹಾಕುವ ಚಿಕ್ಕ ಪೆಟ್ಟಿಗೆ ಇದೆ.

ನೋಡಲು ಚಂದ ಇದೆ, ಕಲಿಯಲು ಸುಲಭ. ಆದರೆ ಮೌಸ್ ಮುಟ್ಟಿದರೆ ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ ಎನ್ನುವ ಪರಿಸ್ಥಿತಿ ಬಂದಿತ್ತು. ಮೌಸೇ ಹಾಳಾಗಿದೆ ಎಂದುಕೊಂಡು ಹೊಸ ಮೌಸ್ ತಂದಿದ್ದರು. ಅದು ತಪ್ಪು ಊಹೆಯೇನಲ್ಲ. ಸವೆದ ಮೌಸಿನ ಗುಂಡಿ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಹೇಳುವುದು ಉಂಟು. ಆದರೆ ಹೊಸ ಮೌಸಿನಲ್ಲೂ ಅದೇ ಕಥೆ. ಆಮೇಲೆ ನನ್ನನ್ನು ಕರೆದರು.

ದೂರುಗಳು ಒಂದೇ ತರಹ ಇರಲಿಲ್ಲ. ಹಿರಿಯ ಗುಮಾಸ್ತರು ಹೇಳಿದ್ದು ಹೀಗೆ: "ತಮಾ, ನಾನು ಒತ್ತಿದ್ದೇ ಒಂದು, ಅದು ಹಿಡಿದದ್ದೇ ಇನ್ನೊಂದು. ಎಡಗಡೆ ಸರಿ ಇರ್ತದೆ, ಬಲಕ್ಕೆ ಹೋದ ಹಾಗೆ ಜಾಸ್ತಿ ತಪ್ಪತದೆ." ಇನ್ನೊಬ್ಬರಿಗೆ, ಸುಮ್ನೆ ಒತ್ತಿದರೂ ಲಾಟು ಪಕ್ಕದ ಜಾಗಕ್ಕೆ ಹಾರುತ್ತಿತ್ತು. ತೂಕದ ಕಟ್ಟೆಯಲ್ಲಿ ಕೂರುವ ಹುಡುಗಿಗೆ ಎಳೆಯುವುದೇ ಆಗುತ್ತಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರ ಎಂದರೆ, ಕರೆಂಟ್ ಹೋದಾಗ ಲಾಟು ಮೌಸಿಗೆ ಅಂಟಿಕೊಳ್ಳುತ್ತದೆ ಎಂಬ ಮಾತು. ಕಂಪ್ಯೂಟರ್ ಯುಪಿಎಸ್ ಮೇಲಿದೆ. ಹಾಗಾಗಿ ಈ ಮಾತನ್ನು ಯಾರೂ ನಂಬಿರಲಿಲ್ಲ.

ಇದನ್ನು ಸಣ್ಣ ಕಿರಿಕಿರಿ ಎಂದು ಬಿಡುವ ಹಾಗಿರಲಿಲ್ಲ. ಒಬ್ಬರ ತೂಕ ಇನ್ನೊಬ್ಬರ ಲಾಟಿಗೆ ಹೋದರೆ ಟೆಂಡರ್ ಚೀಟಿ ತಪ್ಪುತ್ತದೆ. ಚಾಲಿಯ ದರ ಬೇರೆ, ರಾಶಿಯ ದರ ಬೇರೆ. ವರ್ಷವಿಡೀ ತೋಟದಲ್ಲಿ ದುಡಿದವರ ಹಣದ ಲೆಕ್ಕ ಅದು.

ತಾನೇ ಬಿಡಿಸಿದ ಕಂಟ್ರೋಲ್‌ಗೆ ಏನೂ ತಾನಾಗಿ ಬರುವುದಿಲ್ಲ

ವಿಂಡೋಸ್ ಕೊಡುವ ಸಾಮಾನ್ಯ ಬಟನ್ ಎಷ್ಟು ಕೆಲಸ ಮಾಡುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ. ಒತ್ತಿದಾಗ ಕೆಳಗೆ ಹೋದ ಹಾಗೆ ಕಾಣುತ್ತದೆ. ಒತ್ತಿ ಹಿಡಿದೇ ಹೊರಗೆ ಜಾರಿದರೆ ಮೇಲೆ ಬರುತ್ತದೆ, ಮತ್ತೆ ಒಳಗೆ ಬಂದರೆ ಮತ್ತೆ ಕೆಳಗೆ. ಹೊರಗೆ ಬಿಟ್ಟರೆ ಏನೂ ಆಗುವುದಿಲ್ಲ. ಟ್ಯಾಬ್ ಕೀಲಿಗೆ ಸಿಗುತ್ತದೆ, ಸ್ಪೇಸ್ ಒತ್ತಿದರೆ ಕೆಲಸ ಮಾಡುತ್ತದೆ. ಕಣ್ಣು ಕಾಣದವರ ಪರದೆ ಓದುವ ತಂತ್ರಾಂಶಕ್ಕೂ ತಾನು ಬಟನ್ ಎಂದು ಹೇಳುತ್ತದೆ.

ಬಟನ್‌ನಂಥ ಪರದೆಯ ಭಾಗಕ್ಕೆ ಕಂಟ್ರೋಲ್ ಎನ್ನುತ್ತಾರೆ. ಈ ಗೋದಾಮಿನ ನಕ್ಷೆಯ ಹಾಗೆ ನಾವೇ ಚಿತ್ರ ಬಿಡಿಸಿದ ಕಂಟ್ರೋಲ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ವಿಂಡೋಸ್ ನಮಗೆ ಕೊಡುವುದು ಮುಖ್ಯವಾಗಿ ಮೂರು ಸುದ್ದಿ: ಇಂಥ ಬಿಂದುವಿನಲ್ಲಿ ಗುಂಡಿ ಒತ್ತಿದರು (ಮೌಸ್‌ಡೌನ್), ಮೌಸ್ ಇಂಥಲ್ಲಿಗೆ ಬಂತು (ಮೌಸ್‌ಮೂವ್), ಇಂಥಲ್ಲಿ ಬಿಟ್ಟರು (ಮೌಸ್‌ಅಪ್). ಆ ಬಿಂದುವಿನಲ್ಲಿ ಲಾಟು ಇದೆಯೋ ಖಾಲಿ ನೆಲ ಇದೆಯೋ ಅದಕ್ಕೆ ಗೊತ್ತಿಲ್ಲ. ಉಳಿದದ್ದೆಲ್ಲ ನಮ್ಮ ಜವಾಬ್ದಾರಿ. ಈ ಪ್ರಕರಣದ ಒಂದೊಂದು ದೂರೂ ಆ ಜವಾಬ್ದಾರಿಯ ಒಂದೊಂದು ತುಂಡು ಬಿಟ್ಟುಹೋದದ್ದರಿಂದ ಹುಟ್ಟಿದ್ದು.

ಕೋಡ್ ತೆರೆಯುವ ಮುಂಚೆ ಒಂದು ದಾಖಲೆ ಬರೆಸಿದೆ. ಪ್ರತಿ ಮೌಸ್ ಘಟನೆಗೂ ಸಮಯ, ಬಿಂದು, ಯಾವ ಗುಂಡಿ, ತಂತ್ರಾಂಶದ ಪ್ರಕಾರ ಯಾವ ಲಾಟು, ಎಲ್ಲವೂ ಫೈಲಿಗೆ ಹೋಗಬೇಕು. ಇಂಥ ತೊಂದರೆಗೆ ಡೀಬಗರ್, ಅಂದರೆ ಕೋಡನ್ನು ಹಂತ ಹಂತವಾಗಿ ನೋಡುವ ಸಲಕರಣೆ, ಹಾಕಿ ಕೋಡ್ ನಿಲ್ಲಿಸಿದರೆ ಉಪಯೋಗ ಕಮ್ಮಿ. ಡೀಬಗರ್ ಕಿಟಕಿ ಮುಂದೆ ಬಂದ ಕೂಡಲೇ ಮೌಸಿನ ಸ್ಥಿತಿಯೇ ಬದಲಾಗಿಬಿಡುತ್ತದೆ. ನೋಡಬೇಕಾದದ್ದು ನೋಡುವ ಮೊದಲೇ ಹೋಗಿರುತ್ತದೆ.

ಬಲಕ್ಕೆ ಹೋದ ಹಾಗೆ ತಪ್ಪುವ ಲೆಕ್ಕ

"ಎಡಗಡೆ ಸರಿ, ಬಲಗಡೆ ತಪ್ಪು" ಎಂಬ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಎಲ್ಲ ಕಡೆ ಒಂದೇ ಅಳತೆಯಲ್ಲಿ ತಪ್ಪಿದರೆ ಎಲ್ಲೋ ಕೂಡಿಸುವುದರಲ್ಲಿ ಲೋಪ. ಹೋದ ಹಾಗೆ ಜಾಸ್ತಿಯಾದರೆ ಗುಣಿಸುವುದರಲ್ಲಿ ಲೋಪ. ಹಿರಿಯರ ಕಂಪ್ಯೂಟರ್ ಹೊಸದು, ಪರದೆಯ ಅಳತೆ 125 ಶೇಕಡಾಕ್ಕೆ ಇಟ್ಟಿತ್ತು. ಉಳಿದವರದ್ದು 100.

ಮೊದಲು ಈ ತಂತ್ರಾಂಶಕ್ಕೆ ಡಿಪಿಐ, ಅಂದರೆ ಪರದೆಯ ಅಳತೆ ಎಷ್ಟು ಹಿಗ್ಗಿದೆ ಎಂಬ ವಿಚಾರವೇ ಗೊತ್ತಿರಲಿಲ್ಲ. ಅಂಥ ತಂತ್ರಾಂಶವನ್ನು ವಿಂಡೋಸ್ ತಾನೇ ಚಿತ್ರದ ಹಾಗೆ ಹಿಗ್ಗಿಸಿ ತೋರಿಸುತ್ತದೆ. ಮೌಸಿನ ಬಿಂದುವನ್ನೂ ಅದೇ ಲೆಕ್ಕದಲ್ಲಿ ಕುಗ್ಗಿಸಿ ಕೊಡುತ್ತದೆ. ಕನ್ನಡ ಅಕ್ಷರ ಮಸುಕಾಗಿ ಕಾಣುತ್ತದೆ, ಆದರೆ ಒತ್ತಿದ್ದು ಸರಿಯಾಗಿ ಹಿಡಿಯುತ್ತದೆ. ಒತ್ತಕ್ಷರ ಓದಲು ಕಷ್ಟ ಎಂದು ಯಾರೋ ತಂತ್ರಾಂಶ ಡಿಪಿಐ ಬಲ್ಲದು ಎಂದು ಘೋಷಿಸಿ, ಚಿತ್ರ ಬಿಡಿಸುವ ಜಾಗದಲ್ಲಿ ಸ್ಕೇಲ್ ಟ್ರಾನ್ಸ್‌ಫಾರ್ಮ್ ಹಾಕಿದ್ದರು. ಅಕ್ಷರ ಸ್ಪಷ್ಟವಾಯಿತು. ಆದರೆ ಸ್ಕೇಲ್ ಟ್ರಾನ್ಸ್‌ಫಾರ್ಮ್ ಹಿಗ್ಗಿಸುವುದು ಚಿತ್ರವನ್ನು ಮಾತ್ರ. ಮೌಸಿನ ಬಿಂದು ಈಗ ಪರದೆಯ ನಿಜವಾದ ಪಿಕ್ಸೆಲ್‌ನಲ್ಲಿ ಬರುತ್ತದೆ, ಅದನ್ನು ಯಾರೂ ಭಾಗಿಸಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಕೋಡಿನಲ್ಲಿ ಚೌಕದ ಅಗಲ 80. 125 ಶೇಕಡಾದಲ್ಲಿ ಪರದೆಯ ಮೇಲೆ ಅದು 100. ಗುಮಾಸ್ತರು ಎಡ ಅಂಚಿನಿಂದ 410ನೇ ಪಿಕ್ಸೆಲ್‌ನಲ್ಲಿ ಒತ್ತುತ್ತಾರೆ. ಕಣ್ಣಿಗೆ ಕಾಣುವುದು 5ನೇ ಚೌಕ. ಕೋಡ್ ಮಾತ್ರ 410ನ್ನು 80ರಿಂದ ಭಾಗಿಸಿ 6ನೇ ಚೌಕ ಎನ್ನುತ್ತದೆ. ಮೊದಲ ಚೌಕದಲ್ಲಿ ಕೊನೆಯ 20 ಪಿಕ್ಸೆಲ್ ಮಾತ್ರ ತಪ್ಪು, ಹಾಗಾಗಿ ಅಲ್ಲಿ ಸರಿ ಇದೆ ಅನ್ನಿಸುತ್ತದೆ. 10ನೇ ಚೌಕಕ್ಕೆ ಬಂದರೆ 12ನೆಯದೋ 13ನೆಯದೋ ತೆರೆಯುತ್ತದೆ.

ಮೌಸಿನ ಬಿಂದುವನ್ನು 1.25ರಿಂದ ಭಾಗಿಸಿದರೆ ಸಾಕಲ್ವಾ ಎಂದು ಕೇಳಬಹುದು. ಅವತ್ತಿನ ಮಟ್ಟಿಗೆ ಸಾಕು. ಆದರೆ ತೊಂದರೆಯ ಬೇರು ಬೇರೆ ಕಡೆ ಇದೆ. ಚೌಕ ಎಲ್ಲಿದೆ ಎಂಬ ಲೆಕ್ಕ ಎರಡು ಕಡೆ ಬರೆದಿತ್ತು: ಬಿಡಿಸುವಲ್ಲಿ ಒಂದು, ಹುಡುಕುವಲ್ಲಿ ಒಂದು. ಒಂದನ್ನು ತಿದ್ದಿದವರು ಇನ್ನೊಂದನ್ನು ನೋಡದೇ ಇರುವುದು ಸಹಜ. ಅದಕ್ಕೇ ಎರಡನ್ನೂ ತೆಗೆದು, ಲಾಟಿನ ಸಂಖ್ಯೆ ಕೊಟ್ಟರೆ ಪರದೆಯ ಮೇಲಿನ ಆಯತ ಕೊಡುವ ಒಂದೇ ಫಂಕ್ಷನ್ ಬರೆದೆ. ಡಿಪಿಐ, ಸ್ಕ್ರೋಲ್, ಜೂಮ್ ಎಲ್ಲವೂ ಅದರೊಳಗೆ. ಬಿಡಿಸುವ ಕೋಡೂ ಅದನ್ನೇ ಕೇಳಬೇಕು, ಹುಡುಕುವ ಕೋಡೂ ಅದನ್ನೇ ಕೇಳಬೇಕು. ನನ್ನ ಮಟ್ಟಿಗೆ ಇಡೀ ದುರಸ್ತಿಯಲ್ಲಿ ಅತಿ ಮುಖ್ಯವಾದ ಬದಲಾವಣೆ ಇದೇ.

ಇಲ್ಲಿ ಕೆಲವು ಸೂಕ್ಷ್ಮ ಇವೆ. ವಿನ್‌ಫಾರ್ಮ್ಸ್‌ನಲ್ಲಿ ನಕ್ಷೆ ಎಷ್ಟು ಸರಿದಿದೆ ಎಂದು ಹೇಳುವ ಆಟೋಸ್ಕ್ರೋಲ್ ಪೊಸಿಷನ್ ಓದಿದರೆ ಋಣ ಸಂಖ್ಯೆ ಬರುತ್ತದೆ, ಆದರೆ ಬರೆಯುವಾಗ ಧನ ಸಂಖ್ಯೆ ಕೊಡಬೇಕು. ಇದರಲ್ಲಿ ಎಡವದವರು ಕಡಿಮೆ. ಇನ್ನೊಂದು, ಆಯತದೊಳಗೆ ಬಿಂದು ಇದೆಯೇ ಎಂದು ಕೇಳಿದರೆ ಬಲ ಮತ್ತು ಕೆಳಗಿನ ಅಂಚನ್ನು ಹೊರಗೆ ಎಂದೇ ಲೆಕ್ಕ. ಆದರೆ ಡ್ರಾ ರೆಕ್ಟ್ಯಾಂಗಲ್ ಗೆರೆ ಎಳೆಯುವುದು ಆ ಹೊರಗಿನ ಪಿಕ್ಸೆಲ್ ಮೇಲೆ. ಅಂದರೆ ನಮ್ಮ ಚೌಕದ ಬಲ ಗೆರೆ ಮೌಸಿನ ಲೆಕ್ಕದಲ್ಲಿ ಪಕ್ಕದವರದ್ದು. ಗೆರೆಯನ್ನು ಒಂದು ಪಿಕ್ಸೆಲ್ ಒಳಗೆ ತಂದೆ. ಚೌಕಗಳು ಒಂದರ ಮೇಲೊಂದು ಬರುವ ಕಡೆ, ಕೊನೆಗೆ ಬಿಡಿಸಿದ್ದನ್ನು ಮೊದಲು ಹುಡುಕಬೇಕು. ಏಕೆಂದರೆ ಕಣ್ಣಿಗೆ ಮೇಲೆ ಕಾಣುವುದು ಅದೇ.

ಹಾರುವ ಲಾಟು

ದಾಖಲೆಯಲ್ಲಿ ಸಿಕ್ಕಿದ ಸಾಲುಗಳು ಹೀಗಿದ್ದವು:

ಮೌಸ್‌ಡೌನ್ 412, 233, ಲಾಟು 27
ಮೌಸ್‌ಮೂವ್ 412, 233, ಎಳೆತ ಶುರು
ಮೌಸ್‌ಮೂವ್ 413, 233
ಮೌಸ್‌ಅಪ್ 413, 234, ಲಾಟು 27 ಪಕ್ಕದ ಖಾಲಿ ಜಾಗಕ್ಕೆ

ಎರಡನೇ ಸಾಲನ್ನು ಗಮನವಿಟ್ಟು ನೋಡಿ. ಮೌಸ್ ಒಂದು ಪಿಕ್ಸೆಲ್ ಕೂಡ ಅಲುಗಿಲ್ಲ, ಆದರೂ ಮೌಸ್‌ಮೂವ್ ಬಂದಿದೆ. ಇದು ವಿಂಡೋಸ್‌ನ ದೋಷ ಅಲ್ಲ. ಮೌಸಿನ ಕೆಳಗಿರುವ ಕಿಟಕಿಗಳಲ್ಲಿ ಏನಾದರೂ ಬದಲಾದರೆ, ಕೈ ಅಲುಗದಿದ್ದರೂ ಅದು ಈ ಸಂದೇಶ ಕಳಿಸುತ್ತದೆ. ಹಾಗಾಗಿ ಮೌಸ್‌ಮೂವ್ ಬಂತು ಎಂದರೆ ಕೈ ಸರಿಯಿತು ಎಂದು ನಂಬಬಾರದು. ಒತ್ತಿದ ಬಿಂದುವನ್ನು ನೆನಪಿಟ್ಟುಕೊಂಡು ಹೋಲಿಸಬೇಕು.

ಹೋಲಿಸಿದರೂ ಸಾಲದು. ಮನುಷ್ಯರ ಕೈ ಗುಂಡಿ ಒತ್ತುವಾಗ ಒಂದೆರಡು ಪಿಕ್ಸೆಲ್ ಜಾರಿಯೇ ಜಾರುತ್ತದೆ, ವಯಸ್ಸಾದವರದ್ದು ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕೇ ವಿಂಡೋಸ್ ಒಂದು ಮಿತಿ ಇಟ್ಟಿದೆ. ಅಷ್ಟು ದಾಟುವವರೆಗೆ ಅದು ಕ್ಲಿಕ್, ದಾಟಿದ ಮೇಲೆ ಎಳೆತ. ಮಾಮೂಲಾಗಿ ಇದು 4 ಪಿಕ್ಸೆಲ್. ಈ 4ನ್ನು ಕೋಡಿನಲ್ಲಿ ಬರೆದಿಡದೆ ಸಿಸ್ಟಂ ಇನ್ಫರ್ಮೇಶನ್‌ನ ಡ್ರ್ಯಾಗ್ ಸೈಜ್ ಕೇಳುವುದು ಒಳ್ಳೆಯದು. ಕೈ ನಡುಗುವವರಿಗಾಗಿ ಯಾರಾದರೂ ಅದನ್ನು ಹೆಚ್ಚಿಸಿದ್ದರೆ ನಮ್ಮ ತಂತ್ರಾಂಶವೂ ಅದಕ್ಕೆ ಮರ್ಯಾದೆ ಕೊಡಬೇಕು.

ಒಂದು ಪಿಕ್ಸೆಲ್ ಜಾರಿದರೆ ಲಾಟು ಪಕ್ಕದ ಜಾಗಕ್ಕೇ ಏಕೆ ಹೋಗಬೇಕು? ಕೆಳಗಿಡುವ ಕೋಡ್ ಹತ್ತಿರದ ಖಾಲಿ ಜಾಗ ಹುಡುಕುತ್ತಿತ್ತು. ಲಾಟು 27 ಕೂತಿದ್ದ ಜಾಗ ಖಾಲಿ ಇಲ್ಲ ಎಂದು ಅದಕ್ಕೆ ತೋರುತ್ತಿತ್ತು, ಏಕೆಂದರೆ ಅಲ್ಲಿ ಲಾಟು 27 ಇದೆ! ಎಳೆಯುತ್ತಿರುವ ಲಾಟನ್ನು ಲೆಕ್ಕದಿಂದ ಬಿಟ್ಟ ಮೇಲೆ ಅದು ತನ್ನ ಜಾಗಕ್ಕೆ ತಾನೇ ವಾಪಸ್ ಕೂರತೊಡಗಿತು.

ಕರೆಂಟ್ ಹೋದಾಗ ಅಂಟುವ ಲಾಟು

ಮಳೆಗಾಲದಲ್ಲಿ ಶಿರಸಿಯ ಕರೆಂಟ್ ಹೇಗೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಆಯಿತು. ಕಂಪ್ಯೂಟರ್ ಯುಪಿಎಸ್ ಮೇಲಿತ್ತು ನಿಜ. ತೂಕದ ಯಂತ್ರ ಮಾತ್ರ ನೇರ ಗೋಡೆಯ ಪ್ಲಗ್‌ಗೆ. ಕರೆಂಟ್ ಹೋದ ಕೂಡಲೇ ತೂಕದ ಯಂತ್ರ ಉತ್ತರ ಕೊಡುವುದು ನಿಲ್ಲಿಸುತ್ತಿತ್ತು, ತಂತ್ರಾಂಶ "ತೂಕದ ಯಂತ್ರದ ಸಂಪರ್ಕ ತಪ್ಪಿದೆ" ಎಂಬ ಸಂದೇಶ ಪೆಟ್ಟಿಗೆ ತೋರಿಸುತ್ತಿತ್ತು. ಆ ಕ್ಷಣ ಯಾರಾದರೂ ಲಾಟು ಎಳೆಯುತ್ತಿದ್ದರೆ ಅಲ್ಲಿಗೆ ಗಂಟು ಬಿತ್ತು.

ಒಳಗೆ ಆಗುವುದು ಇಷ್ಟು. ಗುಂಡಿ ಒತ್ತಿದಾಗ ವಿನ್‌ಫಾರ್ಮ್ಸ್ ಆ ಕಂಟ್ರೋಲ್‌ಗೆ ಮೌಸ್ ಕ್ಯಾಪ್ಚರ್ ಕೊಡುತ್ತದೆ. ಅಂದರೆ ಬಿಡುವವರೆಗೆ ಮೌಸ್ ಎಲ್ಲಿ ಹೋದರೂ, ಕಿಟಕಿಯ ಹೊರಗೆ ಹೋದರೂ, ಸುದ್ದಿ ಅದಕ್ಕೇ. ವಿಂಡೋಸ್‌ನ ಮೂಲ ಪದರವಾದ ವಿನ್32ರಲ್ಲಿ ನೇರ ಬರೆಯುವವರು ಸೆಟ್‌ಕ್ಯಾಪ್ಚರ್ ಎಂದು ತಾವೇ ಕರೆಯಬೇಕು. ಸಂದೇಶ ಪೆಟ್ಟಿಗೆ ಬಂದಾಗ ಅದರ ಹಿಂದಿನ ಕಿಟಕಿಯನ್ನು ವಿಂಡೋಸ್ ತಡೆಹಿಡಿಯುತ್ತದೆ, ಕ್ಯಾಪ್ಚರ್ ಕೈಬಿಡುತ್ತದೆ. ಗುಮಾಸ್ತರು ಬೆರಳು ಎತ್ತುತ್ತಾರೆ. ಆದರೆ ಆ ಮೌಸ್‌ಅಪ್ ನಮ್ಮ ನಕ್ಷೆಗೆ ಬರುವುದೇ ಇಲ್ಲ. ಪೆಟ್ಟಿಗೆ ಮುಚ್ಚಿದ ಮೇಲೂ ನಕ್ಷೆಯ ಪ್ರಕಾರ ಎಳೆತ ನಡೆದೇ ಇದೆ. ಮೌಸ್ ಹೋದಲ್ಲೆಲ್ಲ ಲಾಟು ಹಿಂದೆ ಬರುತ್ತದೆ. ಮುಂದೆ ಎಲ್ಲಿ ಕ್ಲಿಕ್ ಮಾಡಿದರೂ ಅಲ್ಲೇ ಕೂರುತ್ತದೆ.

ಗುಮಾಸ್ತರು ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು. ಬಳಸುವವರು ಹೇಳುವುದು ಅಸಂಬದ್ಧ ಅನ್ನಿಸಿದಾಗಲೂ ಅವರು ಕಂಡದ್ದನ್ನೇ ಹೇಳುತ್ತಿರುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೌಸ್‌ಅಪ್ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಕೋಡ್ ಕಟ್ಟಬಾರದು. ಒತ್ತುವುದು, ಎಳೆಯುವುದು, ಬಿಡುವುದು ಸೇರಿ ಒಂದೇ ಕೆಲಸ. ಆ ಕೆಲಸ ಎರಡು ರೀತಿ ಮುಗಿಯಬಹುದು: ಬಿಟ್ಟು ಮುಗಿಸುವುದು, ಅಥವಾ ನಡುವೆ ಮುರಿದುಹೋಗುವುದು. ಎರಡನೆಯದಕ್ಕೆ ಹಳೆಯ ಕೋಡಿನಲ್ಲಿ ದಾರಿಯೇ ಇರಲಿಲ್ಲ. ಈಗ ಕ್ಯಾಪ್ಚರ್ ತಪ್ಪಿದ ಸುದ್ದಿ, ಅಂದರೆ ಮೌಸ್‌ಕ್ಯಾಪ್ಚರ್‌ಚೇಂಜ್ಡ್ ಬಂದರೆ ಲಾಟು ಹೊರಟ ಜಾಗಕ್ಕೇ ವಾಪಸ್. ಎಸ್ಕೇಪ್ ಒತ್ತಿದರೂ ಹಾಗೇ. ಮೌಸ್‌ಮೂವ್ ಬಂದಾಗ ಗುಂಡಿ ಒತ್ತಿಲ್ಲ ಎಂದು ಕಂಡರೂ ಹಾಗೇ. ಮೂರೂ ಒಂದೇ ರದ್ದು ಮಾಡುವ ಫಂಕ್ಷನ್ ಕರೆಯುತ್ತವೆ. ಸರಿಯಾಗಿ ಬಿಟ್ಟಾಗಲೂ ಕ್ಯಾಪ್ಚರ್ ಹೋಗುತ್ತದೆ ಎಂಬುದು ನೆನಪಿರಬೇಕು. ಹಾಗಾಗಿ ಮೌಸ್‌ಅಪ್‌ನಲ್ಲಿ ಮೊದಲು ಬೇಕಾದ ವಿವರ ತೆಗೆದುಕೊಂಡು ಎಳೆತದ ಸ್ಥಿತಿ ತೆರವು ಮಾಡಬೇಕು, ಆಮೇಲೆ ಲಾಟು ಇಡಬೇಕು. ಇಲ್ಲದಿದ್ದರೆ ಇಟ್ಟದ್ದನ್ನೇ ರದ್ದು ಮಾಡಿಬಿಡುತ್ತದೆ.

ಸಂದೇಶ ಪೆಟ್ಟಿಗೆಯನ್ನೂ ತೆಗೆದೆವು. ಸಂಪರ್ಕ ತಪ್ಪಿದ್ದು ಈಗ ಕೆಳಗಿನ ಪಟ್ಟಿಯಲ್ಲಿ ಕೆಂಪಾಗಿ ಕಾಣುತ್ತದೆ. ಕೆಲಸದ ಮಧ್ಯೆ ಕೈ ಹಿಡಿದು ನಿಲ್ಲಿಸುವಷ್ಟು ದೊಡ್ಡ ಸುದ್ದಿ ಅದಲ್ಲ.

ಇದೇ ದೋಷಕ್ಕೆ ಹಿಂದೆ ಯಾರೋ ತೂಕದ ಕಟ್ಟೆಯ ಕಂಪ್ಯೂಟರಿನಲ್ಲಿ ಮಾತ್ರ ಒಂದು ತೇಪೆ ಹಾಕಿದ್ದರು. ಎಳೆತ ನಡೆಯುವಾಗ ಒಂದು ಟೈಮರ್, ಗೆಟ್‌ಅಸಿಂಕ್‌ಕೀಸ್ಟೇಟ್ ಕರೆದು ಎಡ ಗುಂಡಿ ಒತ್ತಿದೆಯೇ ಎಂದು ನೋಡುತ್ತಿತ್ತು, ಒತ್ತಿಲ್ಲದಿದ್ದರೆ ಎಳೆತ ನಿಲ್ಲಿಸುತ್ತಿತ್ತು. ತೂಕದ ಕಟ್ಟೆಯ ಹುಡುಗಿ ಎಡಚಿ. ಅವಳ ಕಂಪ್ಯೂಟರಿನಲ್ಲಿ ಮೌಸ್ ಗುಂಡಿಗಳನ್ನು ಅದಲುಬದಲು ಮಾಡಿತ್ತು. ಮೌಸ್ ಸಂದೇಶಗಳು ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರುತ್ತವೆ. ಗೆಟ್‌ಅಸಿಂಕ್‌ಕೀಸ್ಟೇಟ್ ಮಾತ್ರ ಭೌತಿಕ ಗುಂಡಿಯನ್ನೇ ನೋಡುತ್ತದೆ. ಅವಳು ಬಲ ಗುಂಡಿ ಹಿಡಿದು ಎಳೆಯುತ್ತಿದ್ದಳು, ಟೈಮರ್ ಎಡ ಗುಂಡಿ ನೋಡಿ ಎಳೆತ ಮುರಿಯುತ್ತಿತ್ತು. ತೇಪೆ ತೆಗೆದ ದಿನವೇ ಅವಳ ಕೆಲಸ ಸರಿಯಾಯಿತು. "ಇಷ್ಟು ದಿನ ನನಗೇ ಬರ್ತಿಲ್ಲ ಅಂದ್ಕೊಂಡಿದ್ದೆ ಸಾರ್" ಎಂದಳು. ಆ ಮಾತು ಕೇಳಿ ಬೇಜಾರಾಯಿತು. ತಂತ್ರಾಂಶದ ತಪ್ಪನ್ನು ಜನ ತಮ್ಮ ಮೇಲೆ ಹಾಕಿಕೊಳ್ಳುವುದು ತುಂಬ ಜಾಸ್ತಿ.

ಒಂದು ಕ್ಲಿಕ್, ಎರಡು ಕ್ಲಿಕ್

ಮೂಲೆಯ ಚಿಕ್ಕ ಪೆಟ್ಟಿಗೆ ಮೌಸ್‌ಡೌನ್‌ನಲ್ಲೇ ಕೆಲಸ ಮಾಡುತ್ತಿತ್ತು. ತಪ್ಪಿ ಒತ್ತಿದರೆ ಜಾರಿಸಿ ಬಿಡಲು ಅವಕಾಶವಿಲ್ಲ. ಈಗ ಒತ್ತಿದಾಗ ಬಣ್ಣ ಮಾತ್ರ ಬದಲಾಗುತ್ತದೆ, ಅದೇ ಪೆಟ್ಟಿಗೆಯ ಒಳಗೆ ಬಿಟ್ಟರೆ ಮಾತ್ರ ಗುರುತು ಬೀಳುತ್ತದೆ.

ಡಬಲ್ ಕ್ಲಿಕ್‌ನದ್ದು ಇನ್ನೂ ಗಂಭೀರ. ಒಂದು ಕ್ಲಿಕ್ಕಿಗೆ ತೂಕದ ಕಿಟಕಿ ತೆರೆಯುತ್ತಿತ್ತು. ಆದರೆ ಫೋಲ್ಡರ್ ತೆರೆದು ತೆರೆದು ಕೈಗೆ ರೂಢಿಯಾದವರು ಎಲ್ಲಕ್ಕೂ ಎರಡು ಸಲ ಒತ್ತುತ್ತಾರೆ. ಮೊದಲ ಕ್ಲಿಕ್ಕಿಗೆ ಕಿಟಕಿ ತೆರೆಯಿತು, ಎರಡನೆಯದು ಹೊಸ ಕಿಟಕಿಯ ಮೇಲೆ ಬಿತ್ತು. ಅಲ್ಲಿ "ಉಳಿಸು" ಬಟನ್ ಇದ್ದರೆ ಸೊನ್ನೆ ತೂಕ ದಾಖಲಾಗಿ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಕಣ್ಣಿಗೆ ಏನೋ ಮಿಂಚಿದ ಹಾಗೆ ಕಾಣುತ್ತಿತ್ತು ಅಷ್ಟೇ.

ಡಬಲ್ ಕ್ಲಿಕ್ ಆದಾಗ ಮೊದಲ ಕ್ಲಿಕ್ ಸಂದೇಶವೂ ಬಂದೇ ಬರುತ್ತದೆ. ಎರಡನೆಯದು ಬರುತ್ತದೋ ಇಲ್ಲವೋ ಎಂದು ಕಾಯುತ್ತ ಕೂತರೆ ಮಾಮೂಲಿನ 500 ಮಿಲಿಸೆಕೆಂಡ್ ಪ್ರತಿ ಸಲ ಹಾಳು, ಪರದೆ ಮಂದ ಅನ್ನಿಸುತ್ತದೆ. ಅದಕ್ಕೆ ಒಂದು ಕ್ಲಿಕ್ಕಿನ ಕೆಲಸ ಎರಡು ಕ್ಲಿಕ್ಕಿನ ಕೆಲಸಕ್ಕೆ ಮೊದಲ ಮೆಟ್ಟಿಲು ಆಗಿರಬೇಕು. ಈಗ ಒಂದು ಕ್ಲಿಕ್ ಲಾಟನ್ನು ಆರಿಸುತ್ತದೆ, ಡಬಲ್ ಕ್ಲಿಕ್ ಅಥವಾ ಎಂಟರ್ ತೂಕದ ಕಿಟಕಿ ತೆರೆಯುತ್ತದೆ. "ಉಳಿಸು" ಬಟನ್ ತೂಕ ಬರೆಯುವವರೆಗೆ ಒತ್ತಲು ಬರುವುದಿಲ್ಲ.

ಎಂಟರ್ ಕೆಲಸ ಮಾಡಬೇಕಾದರೆ ನಕ್ಷೆಗೆ ಕೀಬೋರ್ಡ್ ಫೋಕಸ್ ಬರಬೇಕು, ಅಂದರೆ ಒತ್ತಿದ ಕೀಲಿಗಳು ಅದಕ್ಕೆ ಸಿಗಬೇಕು. ಒತ್ತಿದಾಗ ಫೋಕಸ್ ತಾನಾಗಿ ಬರುತ್ತದೆ ಎಂದು ನೆಚ್ಚಿಕೊಳ್ಳದೆ ಮೌಸ್‌ಡೌನ್‌ನಲ್ಲಿ ನಾವೇ ಕೇಳಿ ಪಡೆಯುತ್ತೇವೆ. ಬಾಣದ ಕೀಲಿಗಳಲ್ಲೂ ಲಾಟಿಂದ ಲಾಟಿಗೆ ಹೋಗಬಹುದು. ಹಿರಿಯ ಗುಮಾಸ್ತರು ಈಗ ಮೌಸ್ ಮುಟ್ಟುವುದೇ ಕಡಿಮೆ.

ಉಳಿದವು ಸಣ್ಣವು. ಮೌಸ್ ಅಲುಗಿದಾಗಲೆಲ್ಲ ಇಡೀ ನಕ್ಷೆ ಮತ್ತೆ ಬಿಡಿಸುತ್ತಿದ್ದರು, ಪರದೆ ಮಿಣುಕುತ್ತಿತ್ತು. ಈಗ ಮೌಸ್ ಬಿಟ್ಟ ಚೌಕ, ಬಂದ ಚೌಕ ಎರಡನ್ನೇ ಬಿಡಿಸುತ್ತೇವೆ, ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಬಿಡಿಸಿ ಆಮೇಲೆ ಪರದೆಗೆ ತರುವ ಡಬಲ್ ಬಫರ್ ಕೂಡ ಹಾಕಿದೆ. ಮೌಸ್ ಚಕ್ರದ ಒಂದು ಹಲ್ಲಿಗೆ 120 ಎಂದು ಲೆಕ್ಕ. ಆದರೆ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಅದಕ್ಕಿಂತ ಸಣ್ಣ ಸಂಖ್ಯೆಗಳನ್ನು ಕಳಿಸಬಹುದು. 120ರಿಂದ ಭಾಗಿಸಿ ಉಳಿದದ್ದನ್ನು ಎಸೆದರೆ ನಕ್ಷೆ ಸರಿಯುವುದೇ ಇಲ್ಲ. ಉಳಿಕೆಯನ್ನು ಮುಂದಿನದಕ್ಕೆ ಕೂಡಿಸಿಕೊಳ್ಳಬೇಕು.

ಪರೀಕ್ಷೆಯನ್ನು ಮಂಡಿಯಲ್ಲೇ ಮಾಡಿದೆವು. ಪರದೆ ಅಳತೆ 100, 125, 150ರಲ್ಲಿ ನಾಲ್ಕು ಮೂಲೆಯ ಲಾಟು ಒತ್ತಿ ನೋಡುವುದು. ಎಳೆಯುತ್ತಿರುವಾಗ ತೂಕದ ಯಂತ್ರದ ಪ್ಲಗ್ ಕೀಳುವುದು. ಎಳೆಯುತ್ತಿರುವಾಗ ಆಲ್ಟ್ ಟ್ಯಾಬ್ ಒತ್ತುವುದು, ಎಸ್ಕೇಪ್ ಒತ್ತುವುದು, ಕಿಟಕಿಯ ಹೊರಗೆ ಬಿಡುವುದು. ಗುಂಡಿ ಅದಲುಬದಲು ಮಾಡಿ ಮತ್ತೆ ಎಲ್ಲವನ್ನೂ ಮಾಡುವುದು. ಪ್ಲಗ್ ಕೀಳುವ ಕೆಲಸ ಹಿರಿಯ ಗುಮಾಸ್ತರೇ ಕೇಳಿ ವಹಿಸಿಕೊಂಡರು.

ಗೋದಾಮಿನ ಬಾಗಿಲಲ್ಲಿ ಟಚ್ ಪರದೆ ಇಡುವ ಯೋಚನೆ ಯಜಮಾನರಿಗಿದೆ. ಬೆರಳಿನ ಒತ್ತನ್ನು ವಿಂಡೋಸ್ ಮೌಸ್ ಸಂದೇಶವಾಗಿ ಬದಲಿಸಿ ಕೊಡುತ್ತದೆ, ಹಾಗಾಗಿ ಕ್ಲಿಕ್ ನಡೆಯುತ್ತದೆ. ಮೂಲೆಯ ಚಿಕ್ಕ ಪೆಟ್ಟಿಗೆ ಮಾತ್ರ ಬೆರಳಿಗೆ ತೀರಾ ಸಣ್ಣದು, ಮೇಲೆ ಮೌಸ್ ತಂದಾಗ ಕಾಣುವ ವಿವರ ಬೆರಳಿಗೆ ಕಾಣುವುದೇ ಇಲ್ಲ. ಪೆಟ್ಟಿಗೆಯನ್ನು ದೊಡ್ಡದು ಮಾಡಿ, ಆ ವಿವರವನ್ನು ಆರಿಸಿದ ಲಾಟಿನ ಪಕ್ಕದಲ್ಲೇ ತೋರಿಸುವ ಕೆಲಸ ಈಗ ಶುರುವಾಗಿದೆ.